ಹೃದಯದ ಜಾಲರಿಯೂ ಖಾನಾಪುರದ ಹಾದಿಯೂ

ಹೃದಯಕ್ಕೆ ರಕ್ತವನ್ನು ಒಯ್ಯುವ ಧಮನಿಗಳು ಕಿರಿದಾಗಿ ಪ್ರಾಣಕ್ಕೆ ಅಪಾಯವೊದಗುವ ರೋಗಕ್ಕೆ ಸ್ಟೆಂಟ್ ಎಂಬ ಲೋಹದ ಸಣ್ಣ ಜಾಲರಿಯು ಉಪಾಯವಾಗಿ ದೊರೆತು ಸುಮಾರು ನಾಲ್ಕು ದಶಕಗಳಾದವು. ಜನರನ್ನು ಮುಟ್ಟುವದಕ್ಕೆ ಆ ಜಾಲರಿಯು ಮೂರು ಅಡ್ಡಿಗಳನ್ನು ದಾಟಬೇಕಾಗಿತ್ತು. ಮೊದಲನೆಯದು ವಿದ್ಯೆಯ ಅಡ್ಡಿ. ಅದನ್ನು ಅನೇಕ ದೇಶಗಳ ವೈದ್ಯರು ತಮ್ಮ ಸಾಹಸದಿಂದ ದಾಟಿಸಿದರು. ಎರಡನೆಯದು ಬೆಲೆಯ ಅಡ್ಡಿ. ಅದನ್ನು ನಮ್ಮ ದೇಶದಲ್ಲಿ ನ್ಯಾಯಾಲಯವೂ ಸರಕಾರವೂ ಕೂಡಿ ಬಹುಮಟ್ಟಿಗೆ ತಗ್ಗಿಸಿದವು. ಮೂರನೆಯದು ದೂರದ ಅಡ್ಡಿ. ಅದು ಇನ್ನೂ ನಮ್ಮೆದುರಿಗೆ ನಿಂತಿದೆ. ಬೆಳಗಾವಿ ಶಹರದಲ್ಲಿ ಮನೆಯಿದ್ದವನಿಗೆ ಅರ್ಧ ತಾಸಿನಲ್ಲಿ ದೊರೆಯಬಹುದಾದ ಉಪಚಾರವು ಅದೇ ಜಿಲ್ಲೆಯ ಖಾನಾಪುರ ತಾಲೂಕಿನ ಕಾಡಿನಂಚಿನ ರೈತನಿಗೆ ದುರ್ಲಭವಾಗಿರುವದು ನ್ಯಾಯವೇ ಎಂಬ ಪ್ರಶ್ನೆಯನ್ನು ನಾವು ಇಂದು ವಾಚಕರ ಮುಂದೆಯೂ ಅಧಿಕಾರಿಗಳ ಮುಂದೆಯೂ ಇಡಬಯಸುತ್ತೇವೆ.

ಮೊದಲು ರೋಗದ ಸ್ವರೂಪವನ್ನು ತಿಳಿಯುವದು ಅವಶ್ಯ. ಹೃದಯವು ಶರೀರಕ್ಕೆಲ್ಲ ರಕ್ತವನ್ನು ಹಂಚುವ ಅಂಗವಾದರೂ ತನ್ನ ಪೋಷಣೆಗಾಗಿ ತನ್ನ ಮೈಮೇಲೆ ಹಬ್ಬಿದ ಕೆಲವು ಸಣ್ಣ ಧಮನಿಗಳನ್ನೇ ನಂಬಿಕೊಂಡಿರುತ್ತದೆ. ಇವುಗಳ ಒಳಗೋಡೆಯಲ್ಲಿ ಅನೇಕ ವರ್ಷಗಳಿಂದ ಕೊಬ್ಬು ಸೇರಿ ಹಾದಿಯು ಕಿರಿದಾಗುತ್ತ ಬರುವದು. ತಂಬಾಕು, ಸಕ್ಕರೆ ರೋಗ, ರಕ್ತದ ಒತ್ತಡ ಇವು ಅದಕ್ಕೆ ಸಹಕಾರಿಗಳು. ಹೀಗೆ ಸೇರಿದ ಕೊಬ್ಬಿನ ಗಂಟು ಒಂದು ದಿನ ಒಡೆದರೆ ಅದರ ಮೇಲೆ ರಕ್ತವು ಹೆಪ್ಪುಗಟ್ಟಿ ಧಮನಿಯು ಪೂರ್ಣವಾಗಿ ಮುಚ್ಚಿಹೋಗುವದು. ಹೃದಯಾಘಾತವೆಂದರೆ ಇದೇ. ರಕ್ತ ನಿಂತ ಅರ್ಧ ತಾಸಿನೊಳಗೆ ಹೃದಯದ ಸ್ನಾಯುವು ಸಾಯಲಾರಂಭಿಸುತ್ತದೆ. ಕೆಲವು ತಾಸುಗಳಲ್ಲಿ ಆ ಧಮನಿಯನ್ನು ನಂಬಿದ್ದ ಭಾಗದ ಬಹುಪಾಲು ಸತ್ತುಹೋಗುತ್ತದೆ. ಸತ್ತ ಸ್ನಾಯುವು ಮರಳಿ ಹುಟ್ಟಲಾರದು. ಆದುದರಿಂದ ಈ ರೋಗದಲ್ಲಿ ವೈದ್ಯನ ಕೈಚಳಕಕ್ಕೆ ಎಷ್ಟು ಬೆಲೆಯುಂಟೋ ಗಡಿಯಾರದ ಮುಳ್ಳಿಗೂ ಅಷ್ಟೇ ಬೆಲೆಯುಂಟು.

ಈ ಮುಚ್ಚಿದ ಹಾದಿಯನ್ನು ಎದೆ ಸೀಳದೆ ತೆರೆಯುವ ವಿದ್ಯೆಯ ಇತಿಹಾಸವು ಒಬ್ಬ ತರುಣನ ಧಾರ್ಷ್ಟ್ಯದಿಂದ ಆರಂಭವಾಗುತ್ತದೆ. ೧೯೨೯ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರಿನ ದವಾಖಾನೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಎಳೆಯ ವೈದ್ಯನು ತನ್ನ ತೋಳಿನ ರಕ್ತನಾಳದಿಂದ ತೆಳ್ಳಗಿನ ನಳಿಕೆಯೊಂದನ್ನು ತನ್ನ ಹೃದಯದವರೆಗೂ ತೂರಿಸಿಕೊಂಡು, ನಡೆದುಹೋಗಿ, ಎಕ್ಸ್‌ರೇ ಚಿತ್ರವನ್ನು ತೆಗೆಯಿಸಿಕೊಂಡನು. ಹಿರಿಯರು ಮೆಚ್ಚಲಿಲ್ಲ, ಆತನು ಆ ಮಾರ್ಗವನ್ನೇ ಬಿಟ್ಟುಕೊಡಬೇಕಾಯಿತು. ಆದರೆ ೧೯೫೬ರಲ್ಲಿ ನೋಬೆಲ್ ಪಾರಿತೋಷಕವು ಇನ್ನಿಬ್ಬರೊಡನೆ ಅವನನ್ನೇ ಹುಡುಕಿಕೊಂಡು ಬಂದಿತು. ೧೯೫೮ರಲ್ಲಿ ಅಮೇರಿಕೆಯ ಕ್ಲೀವ್‌ಲಂಡಿನಲ್ಲಿ ಮೇಸನ್ ಸೋನ್ಸ್ ಎಂಬವರು ಹೃದಯದ ಧಮನಿಯೊಳಗೇ ಬಣ್ಣದ ದ್ರವವನ್ನು ಬಿಟ್ಟು ಅದರ ಚಿತ್ರವನ್ನು ಪಡೆಯುವ ಕ್ರಮವನ್ನು ಕಂಡುಹಿಡಿದರು. ಎಂಜಿಯೋಗ್ರಾಫಿ ಎಂಬ ಹೆಸರಿನಿಂದ ಇಂದು ನಮ್ಮ ಶಹರಗಳಲ್ಲಿ ಮನೆಮಾತಾಗಿರುವದು ಇದೇ. ೧೯೬೪ರಲ್ಲಿ ಚಾರ್ಲ್ಸ್ ಡಾಟರ್ ಎಂಬವರು ಕಾಲಿನ ಧಮನಿಯೊಂದನ್ನು ನಳಿಕೆಯಿಂದಲೇ ಹಿಗ್ಗಿಸಿ ತೋರಿಸಿದರು.

ಈ ಯುಕ್ತಿಯನ್ನು ಹೃದಯಕ್ಕೆ ತಂದ ಕೀರ್ತಿಯು ಆಂಡ್ರಿಯಾಸ್ ಗ್ರುನ್‌ಟ್ಸಿಗ್ ಎಂಬವರದು. ಅವರು ತಮ್ಮ ಮನೆಯ ಅಡಿಗೆಮನೆಯ ಮೇಜಿನ ಮೇಲೆ, ಹೆಂಡತಿಯ ಮತ್ತು ಸಹಾಯಕರ ಕೈಗೂಡಿಸಿಕೊಂಡು, ನಳಿಕೆಯ ತುದಿಗೆ ಸಣ್ಣ ಬುಗ್ಗೆಯನ್ನು ಕೂಡಿಸುವ ಪ್ರಯೋಗಗಳನ್ನು ಮಾಡಿದರು. ೧೯೭೭ರ ಸಪ್ಟೆಂಬರ ೧೬ರಂದು ಸ್ವಿಟ್ಝರ್ಲಂಡಿನ ಝೂರಿಕ್ ಶಹರದಲ್ಲಿ, ಎಚ್ಚರವಾಗಿಯೇ ಮಲಗಿದ್ದ ರೋಗಿಯ ಹೃದಯದ ಧಮನಿಯಲ್ಲಿ ಆ ಬುಗ್ಗೆಯನ್ನು ಉಬ್ಬಿಸಿ ಹಾದಿಯನ್ನು ಅಗಲ ಮಾಡಿದರು. ಇದು ಬಹು ದೊಡ್ಡ ಜಯವೇ ಸರಿ. ಆದರೆ ಅದರಲ್ಲಿ ಎರಡು ಕೊರತೆಗಳಿದ್ದವು. ಕೆಲವರಲ್ಲಿ ಹಿಗ್ಗಿಸಿದ ಧಮನಿಯು ಆ ಗಳಿಗೆಯಲ್ಲಿಯೇ ಕುಸಿದು ಮುಚ್ಚಿಕೊಳ್ಳುತ್ತಿತ್ತು. ಸುಮಾರು ಮೂರರಲ್ಲಿ ಒಬ್ಬರಿಗೆ ಆರು ತಿಂಗಳೊಳಗೆ ಹಾದಿಯು ಮತ್ತೆ ಕಿರಿದಾಗುತ್ತಿತ್ತು.

ಕುಸಿಯುವ ಬಾವಿಗೆ ಒಳಗಿನಿಂದ ಕಟ್ಟೆ ಕಟ್ಟುವಂತೆ, ಕುಸಿಯುವ ಧಮನಿಗೆ ಒಳಗಿನಿಂದ ಆಧಾರ ಕೊಡಬೇಕೆಂಬ ವಿಚಾರವು ಹುಟ್ಟಿದ್ದು ಇಲ್ಲಿಯೇ. ೧೯೮೬ರಲ್ಲಿ ಫ್ರಾನ್ಸಿನ ತುಲೂಝ್ ಶಹರದಲ್ಲಿ ಝಾಕ್ ಪುಯೆಲ್ ಎಂಬವರೂ, ಸ್ವಿಟ್ಝರ್ಲಂಡಿನ ಲೋಝಾನಿನಲ್ಲಿ ಉಲ್‌ರಿಕ್ ಸಿಗ್ವಾರ್ಟ್ ಎಂಬವರೂ ಮನುಷ್ಯನ ಹೃದಯದ ಧಮನಿಯಲ್ಲಿ ಮೊದಲ ಸ್ಟೆಂಟುಗಳನ್ನು ಕೂಡಿಸಿದರು. ಅರ್ಜೆಂಟೀನಾದಲ್ಲಿ ಹುಟ್ಟಿ ಅಮೇರಿಕೆಯಲ್ಲಿ ನೆಲಸಿದ ಹೂಲಿಯೋ ಪಾಲ್ಮಾಝ್ ಎಂಬವರು, ಗೋಡೆಗೆ ಗಿಲಾಯಿ ಹಿಡಿಯಲೆಂದು ಬಳಸುವ ಲೋಹದ ಜಾಳಿಗೆಯ ತುಣುಕನ್ನು ನೋಡಿ, ಬುಗ್ಗೆಯ ಮೇಲೆ ಮಡಚಿಟ್ಟು ಒಳಗೊಯ್ದು ಹಿಗ್ಗಿಸಬಹುದಾದ ಜಾಲರಿಯನ್ನು ರಚಿಸಿದರು. ರಿಚರ್ಡ್ ಶಾಟ್ಜ್ ಎಂಬವರೊಡನೆ ಅವರು ಸಿದ್ಧಪಡಿಸಿದ ಆ ಸ್ಟೆಂಟು ಕೇವಲ ಬುಗ್ಗೆಯ ಉಪಚಾರಕ್ಕಿಂತ ಮೇಲೆಂಬುದನ್ನು ೧೯೯೪ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳು ಸಿದ್ಧಪಡಿಸಿದವು. ಯುರೋಪಿನ ಪರೀಕ್ಷೆಯಲ್ಲಿ ಹಾದಿಯು ಮತ್ತೆ ಕಿರಿದಾದ ಪ್ರಮಾಣವು ನೂರಕ್ಕೆ ೩೨ರಿಂದ ೨೨ಕ್ಕೆ ಇಳಿಯಿತು. ಸ್ಟೆಂಟ್ ಎಂಬ ಹೆಸರಾದರೂ ಹೃದಯಕ್ಕೆ ಸಂಬಂಧಿಸಿದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹಲ್ಲಿನ ಅಚ್ಚು ತೆಗೆಯುವ ಪದಾರ್ಥವನ್ನು ಸಿದ್ಧಪಡಿಸಿದ ಚಾರ್ಲ್ಸ್ ಸ್ಟೆಂಟ್ ಎಂಬ ಇಂಗ್ಲಂಡಿನ ದಂತವೈದ್ಯನ ಹೆಸರು ಅದು.

ಉಳಿದ ಕೊರತೆಯನ್ನು ತುಂಬಿದ್ದು ಔಷಧ ಲೇಪಿಸಿದ ಸ್ಟೆಂಟು. ಅದರ ಕಥೆಯಲ್ಲಿ ಭಾರತೀಯನೊಬ್ಬನ ಪಾಲೂ ಇದೆ. ೧೯೬೪ರಲ್ಲಿ ಶಾಂತಮಹಾಸಾಗರದ ಈಸ್ಟರ್ ದ್ವೀಪದಿಂದ ತಂದ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ರಾಪಾಮೈಸಿನ್ ಎಂಬ ಔಷಧವು ದೊರೆಯಿತು. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದ ಸುರೇಂದ್ರನಾಥ ಸೆಹಗಲ್ ಎಂಬ ವಿಜ್ಞಾನಿಯು ಕೆನಡಾದ ಪ್ರಯೋಗಶಾಲೆಯಲ್ಲಿ ಇದನ್ನು ಬೇರ್ಪಡಿಸಿದನು. ಕಂಪನಿಯು ಆ ಕೆಲಸವನ್ನು ಕೈಬಿಟ್ಟಾಗಲೂ ಆತನು ಸೂಕ್ಷ್ಮಜೀವಿಯನ್ನು ಮನೆಯ ಶೀತಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ಬಂದನು. ಆ ಔಷಧವು ಗಾಯದ ಕಲೆಯು ಅತಿಯಾಗಿ ಬೆಳೆಯದಂತೆ ತಡೆಯುವದೆಂದು ಕಂಡು ಅದನ್ನು ಸ್ಟೆಂಟಿಗೆ ಲೇಪಿಸಲಾಯಿತು. ೧೯೯೯ರಲ್ಲಿ ಬ್ರಝಿಲಿನ ಸಾವ್ ಪಾವ್ಲೋ ಶಹರದಲ್ಲಿ ಎಡುವಾರ್ಡೋ ಸೋಝಾ ಎಂಬವರು ಅಂಥ ಸ್ಟೆಂಟನ್ನು ಮೊದಲು ಬಳಸಿದರು; ೨೦೦೩ರಲ್ಲಿ ಅಮೇರಿಕೆಯಲ್ಲಿ ಅದಕ್ಕೆ ಮನ್ನಣೆ ದೊರೆಯಿತು. ಒಂದು ತೆಳ್ಳಗಿನ ಜಾಲರಿಯ ಹಿಂದೆ ಇಷ್ಟು ದೇಶಗಳ ಬುದ್ಧಿಯೂ ಇಷ್ಟು ವರ್ಷಗಳ ಶ್ರಮವೂ ಇರುವದು. ಇದು ಮನುಷ್ಯಕುಲಕ್ಕೆಲ್ಲ ಸೇರಿದ ಸಂಪತ್ತೆಂದು ನಾವು ಭಾವಿಸುತ್ತೇವೆ.

ಆದರೆ ಸಂಪತ್ತು ಒಂದೆಡೆ ಹುಟ್ಟಿದ ಮಾತ್ರಕ್ಕೆ ಎಲ್ಲರ ಪಾಲಿಗೂ ಬರುವದಿಲ್ಲ. ಆರಂಭದಲ್ಲಿ ನಮ್ಮ ದೇಶಕ್ಕೆ ಸ್ಟೆಂಟುಗಳು ವಿದೇಶದಿಂದ ಬರುತ್ತಿದ್ದವು. ಸಾಮಾನ್ಯನಿಗೆ ಅವುಗಳ ಬೆಲೆ ಎಟುಕುವಂತಿರಲಿಲ್ಲ. ೧೯೯೦ರ ದಶಕದಲ್ಲಿ ಹೈದರಾಬಾದಿನ ಹೃದ್ರೋಗತಜ್ಞ ಡಾ. ಬಿ. ಸೋಮರಾಜು ಅವರೂ, ಆಗ ರಕ್ಷಣಾ ಸಂಶೋಧನೆಯಲ್ಲಿದ್ದು ತರುವಾಯ ರಾಷ್ಟ್ರಪತಿಗಳಾದ ಡಾ. ಎ. ಪಿ. ಜೆ. ಅಬ್ದುಲ್ ಕಲಾಮ್ ಅವರೂ ಕೂಡಿ ಕಡಿಮೆ ಬೆಲೆಯ ಸ್ವದೇಶೀ ಸ್ಟೆಂಟನ್ನು ರಚಿಸಿದರು. ಕ್ಷಿಪಣಿಗೆ ಬೇಕಾದ ಲೋಹವಿದ್ಯೆಯು ಬಡವನ ಹೃದಯಕ್ಕೂ ಒದಗಬಲ್ಲದೆಂಬುದನ್ನು ತೋರಿಸಿದ ಆ ಕಾರ್ಯವು ಸ್ಮರಣೀಯವಾದುದು. ಇಂದು ಗುಜರಾಥ ಮೊದಲಾದ ಕಡೆಗಳಲ್ಲಿ ಸ್ಟೆಂಟುಗಳನ್ನು ಮಾಡುವ ಕಾರಖಾನೆಗಳು ಬೆಳೆದು ವಿದೇಶಗಳಿಗೂ ಮಾಲನ್ನು ಕಳಿಸುತ್ತಿವೆ.

ಇಷ್ಟಾದರೂ ಬೆಲೆಯು ತಾನಾಗಿ ಇಳಿಯಲಿಲ್ಲ. ಕಾರಖಾನೆಯಿಂದ ರೋಗಿಯ ಎದೆಯವರೆಗಿನ ಹಾದಿಯಲ್ಲಿ ಕೈಬದಲಾದಂತೆಲ್ಲ ಲಾಭವು ಏರುತ್ತ ಹೋಗುತ್ತಿತ್ತು. ವಕೀಲರಾದ ಬೀರೇಂದ್ರ ಸಾಂಗ್ವಾನ್ ಎಂಬವರು ದಿಲ್ಲಿಯ ಹೈಕೋರ್ಟಿನಲ್ಲಿ ಲೋಕಹಿತದ ಅರ್ಜಿಯನ್ನು ಸಲ್ಲಿಸಿದರು. ೨೦೧೬ರಲ್ಲಿ ಸ್ಟೆಂಟುಗಳು ಅತ್ಯವಶ್ಯಕ ಔಷಧಗಳ ಪಟ್ಟಿಗೆ ಸೇರಿದವು. ೨೦೧೭ರ ಫೆಬ್ರುವರಿ ೧೩ರಂದು ಔಷಧ ಬೆಲೆಗಳ ರಾಷ್ಟ್ರೀಯ ಪ್ರಾಧಿಕಾರವು ಔಷಧರಹಿತ ಸ್ಟೆಂಟಿಗೆ ರೂ. ೭,೨೬೦, ಔಷಧ ಲೇಪಿಸಿದ್ದಕ್ಕೆ ರೂ. ೨೯,೬೦೦ ಎಂದು ಗರಿಷ್ಠ ಬೆಲೆಗಳನ್ನು ಗೊತ್ತುಮಾಡಿತು. ಅದಕ್ಕೆ ಮೊದಲು ಇವುಗಳ ಮೇಲೆ ಅಚ್ಚಾಗುತ್ತಿದ್ದ ಸರಾಸರಿ ಬೆಲೆಗಳು ಅನುಕ್ರಮವಾಗಿ ರೂ. ೪೫,೧೦೦ ಮತ್ತು ಸುಮಾರು ರೂ. ೧,೨೧,೦೦೦ ಆಗಿದ್ದವು. ಬೆಲೆ ಇಳಿದರೆ ವಸ್ತುವೇ ಮಾಯವಾಗುವದೆಂದು ಆಗ ಕೆಲವರು ಹೆದರಿಸಿದರು, ಹಾಗಾಗಲಿಲ್ಲ. ಆಮೇಲೆ ಸಗಟು ಬೆಲೆಗಳಿಗನುಸಾರವಾಗಿ ಈ ಅಂಕಿಗಳು ಬದಲಾಗುತ್ತ ಬಂದರೂ ಕಟ್ಟುಪಾಡು ಮಾತ್ರ ಉಳಿದಿದೆ. ಪ್ರಜೆಯು ನ್ಯಾಯದ ಬಾಗಿಲನ್ನು ತಟ್ಟಿದರೆ, ಸರಕಾರವು ಮನಸ್ಸು ಮಾಡಿದರೆ, ಅಡ್ಡಿಗಳು ಸರಿಯುವವು ಎಂಬುದೇ ಈ ವೃತ್ತಾಂತದ ಪಾಠವಾಗಿದೆ.

ಬಡವನ ಪಾಲಿನ ಹಣವನ್ನು ಸರಕಾರವೇ ಕೊಡುವ ಪದ್ಧತಿಯ ಪ್ರಯೋಜನವು ನಮ್ಮ ಬೆಳಗಾವಿ ವಿಭಾಗದಲ್ಲಿಯೇ ಸಿದ್ಧವಾದ ಸಂಗತಿಯೆಂಬುದನ್ನು ಬಹುಜನರು ಅರಿಯರು. ೨೦೧೦ರಲ್ಲಿ ಆರಂಭವಾದ ವಾಜಪೇಯೀ ಆರೋಗ್ಯಶ್ರೀ ಯೋಜನೆಯು ಮೊದಲು ಕಲಬುರ್ಗಿ ಮತ್ತು ಬೆಳಗಾವಿ ವಿಭಾಗಗಳಲ್ಲಿ ಜಾರಿಗೆ ಬಂದಿತು. ಹೃದ್ರೋಗ, ಅರ್ಬುದರೋಗ ಮೊದಲಾದ ದೊಡ್ಡ ರೋಗಗಳಿಗೆ ಬಡವರು ಹಣವಿಲ್ಲದೆ ಉಪಚಾರ ಪಡೆಯುವಂತಾಯಿತು. ಯೋಜನೆಯು ಬಂದ ಹಳ್ಳಿಗಳನ್ನೂ ಅದರ ಎಲ್ಲೆಯಾಚೆಗಿನ ಹಳ್ಳಿಗಳನ್ನೂ ಹೋಲಿಸಿ ನೋಡಿದ ಸಂಶೋಧನೆಯೊಂದು ೨೦೧೪ರಲ್ಲಿ ಬ್ರಿಟಿಶ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟವಾಯಿತು. ಬಡ ಕುಟುಂಬಗಳಲ್ಲಿ ಈ ರೋಗಗಳಿಂದಾದ ಮರಣವು ಯೋಜನೆಯಿಲ್ಲದೆಡೆ ನೂರಕ್ಕೆ ೦.೯೦ ಇದ್ದರೆ ಯೋಜನೆಯಿದ್ದೆಡೆ ೦.೩೨ ಇದ್ದಿತು. ೨೦೧೮ರಿಂದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕವು ಅದರ ಸ್ಥಾನದಲ್ಲಿ ನಡೆದಿದೆ. ಹೀಗೆ ವಿದ್ಯೆಯೂ ಬಂದಿತು, ಬೆಲೆಯೂ ಇಳಿಯಿತು, ಬಡವನಿಗೆ ಹಣದ ಆಸರೆಯೂ ದೊರೆಯಿತು. ಉಳಿದದ್ದು ಹಾದಿ.

ಆ ಹಾದಿಯನ್ನು ಈಗ ನೋಡೋಣ. ಬೆಳಗಾವಿ ಶಹರವು ವೈದ್ಯವಿದ್ಯೆಗೆ ಹೆಸರಾದ ಊರು. ೧೯೧೬ರಲ್ಲಿ ಏಳು ಜನ ಶಿಕ್ಷಕರು ಸ್ಥಾಪಿಸಿದ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯು ೧೯೬೩ರಲ್ಲಿ ಇಲ್ಲಿ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಅದರ ದೊಡ್ಡ ದವಾಖಾನೆಯಲ್ಲಿ ಹೃದಯದ ಉಪಚಾರವು ನಡೆಯುತ್ತಲಿದೆ. ಜಿಲ್ಲಾ ದವಾಖಾನೆಗೆ ಹೊಂದಿಕೊಂಡು ಸರಕಾರದ ವೈದ್ಯಕೀಯ ಸಂಸ್ಥೆಯೂ ಇದೆ. ಈ ಶಹರದಿಂದ ಖಾನಾಪುರ ಪಟ್ಟಣವು ಸುಮಾರು ೨೬ ಕಿಲೋಮೀಟರ್ ಮಾತ್ರ. ಹೆದ್ದಾರಿಯೂ ಇದೆ, ರೈಲೂ ಇದೆ. ಆದರೆ ಖಾನಾಪುರ ಪಟ್ಟಣವೇ ಖಾನಾಪುರ ತಾಲೂಕಲ್ಲ. ಪಶ್ಚಿಮಕ್ಕೆ ಜಾಂಬೋಟಿ, ಮಲಪ್ರಭೆಯ ಉಗಮವಾದ ಕಣಕುಂಬಿ, ದಕ್ಷಿಣಕ್ಕೆ ಲೋಂಡಾ, ನಡುವೆ ೨೦೧೧ರಲ್ಲಿ ವನ್ಯಜೀವಿಧಾಮವೆಂದು ಸಾರಲಾದ ಭೀಮಗಡದ ದಟ್ಟಡವಿ, ಆ ಅಡವಿಯಲ್ಲಿ ಗವಾಳಿ, ಪಾಸ್ತೋಳಿ, ಕೊಂಗಳಾ, ಆಮಗಾಂವಗಳಂಥ ಚಿಕ್ಕ ಚಿಕ್ಕ ಗ್ರಾಮಗಳು. ಮಳೆಗಾಲದಲ್ಲಿ ಹಳ್ಳಗಳು ತುಂಬಿ ಹರಿದಾಗ ಇವುಗಳ ಕಾಲುಹಾದಿಗಳು ಮುಳುಗುವವು. ರೋಗಿಯನ್ನು ಬಿದಿರಿನ ಡೋಲಿಯಲ್ಲಿ ಹೆಗಲ ಮೇಲೆ ಹೊತ್ತು ಗಾಡಿಯ ಹಾದಿಗೆ ತರುವ ಸುದ್ದಿಯು ಮತ್ತೆ ಮತ್ತೆ ಬರುತ್ತಲೇ ಇರುವದು.

ಇಂಥ ಗ್ರಾಮದಲ್ಲಿ ರಾತ್ರಿಯ ಹೊತ್ತು ಒಬ್ಬ ರೈತನಿಗೆ ಎದೆಯಲ್ಲಿ ಬಿಗಿತ ಬಂದಿತೆಂದು ಭಾವಿಸೋಣ. ವಾಯುವೋ ಪಿತ್ತವೋ ಎಂದು ಮನೆಯವರು ಒಂದೆರಡು ತಾಸು ಕಳೆಯುವರು. ಹೆಗಲ ಮೇಲೆ ಹೊತ್ತು ಹಾದಿಗೆ ತರುವಾಗ ಮತ್ತೆರಡು ತಾಸು. ವಾಹನ ಬರುವವರೆಗೆ ಕಾಯುವದು ಬೇರೆ. ಜಾಂಬೋಟಿಯ ಕಡೆಯವನಾದರೆ ತಾಲೂಕಿನ ಊರಾದ ಖಾನಾಪುರಕ್ಕೆ ಹೋಗಬೇಕೋ, ನೆಟ್ಟಗೆ ಬೆಳಗಾವಿಗೆ ಹೋಗಬೇಕೋ ಎಂಬ ನಿರ್ಣಯವನ್ನು ಹೇಳುವವರೇ ಇಲ್ಲ. ಕೊನೆಗೆ ಬೆಳಗಾವಿಯ ದೀಪಗಳು ಕಾಣುವ ಹೊತ್ತಿಗೆ ಹೃದಯದ ಸ್ನಾಯುವಿನ ಬಹುಪಾಲು ಸತ್ತಿರುವದು. ಇದು ಖಾನಾಪುರದೊಂದರ ದುಃಖವಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಸಂಶೋಧಕರು ಮುಂದಾಗಿ ದೇಶದ ೮೯ ದವಾಖಾನೆಗಳ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ರೋಗಿಗಳ ಸಂಗತಿಯನ್ನು ಕೂಡಿಸಿ ೨೦೦೮ರಲ್ಲಿ ಪ್ರಕಟಿಸಿದರು. ಧಮನಿಯು ಪೂರ್ಣ ಮುಚ್ಚಿದ ಬಗೆಯ ಹೃದಯಾಘಾತದಲ್ಲಿ ನೋವು ಆರಂಭವಾದಂದಿನಿಂದ ದವಾಖಾನೆ ಮುಟ್ಟುವದಕ್ಕೆ ಹಿಡಿದ ಮಧ್ಯಮ ಕಾಲವು ೩೦೦ ನಿಮಿಷ, ಎಂದರೆ ಐದು ತಾಸು. ದವಾಖಾನೆಯೊಳಗೆ ಹೋದ ಮೇಲೆ ಹೆಪ್ಪು ಕರಗಿಸುವ ಔಷಧಕ್ಕೆ ಹಿಡಿದದ್ದು ೫೦ ನಿಮಿಷ. ಮೂವತ್ತು ದಿವಸಗಳೊಳಗಿನ ಮರಣವು ಸಿರಿವಂತರಲ್ಲಿ ನೂರಕ್ಕೆ ೫.೫, ಬಡವರಲ್ಲಿ ೮.೨. ತಡವೆಲ್ಲ ಎಲ್ಲಿ ಆಗುತ್ತಿದೆ, ಅದರ ತೆರಿಗೆಯನ್ನು ಯಾರು ತೆರುತ್ತಿದ್ದಾರೆ ಎಂಬುದನ್ನು ಈ ಅಂಕಿಗಳೇ ಹೇಳುವವು.

ಹಾಗಾದರೆ ಪ್ರತಿಯೊಂದು ತಾಲೂಕಿನಲ್ಲಿಯೂ ಸ್ಟೆಂಟ್ ಕೂಡಿಸುವ ಕ್ಯಾಥ್ ಲ್ಯಾಬ್ ಬೇಕೆಂದು ಕೇಳೋಣವೇ? ಕೆಲವು ಲೋಕಪ್ರತಿನಿಧಿಗಳು ಹಾಗೆ ಕೇಳುವರು. ಕೇಳುವದಕ್ಕೆ ಅದು ಸೊಗಸಾಗಿಯೂ ಇರುವದು. ನಾವು ಹಾಗೆ ಕೇಳುವದಿಲ್ಲ. ಆ ಕೋಣೆಗೆ ಯಂತ್ರವೊಂದೇ ಸಾಲದು. ಹಗಲಿರುಳು ಸಿದ್ಧರಿರುವ ತಜ್ಞರೂ ದಾದಿಯರೂ ತಂತ್ರಜ್ಞರೂ ಬೇಕು. ಅವರ ಕೈ ಪಳಗಿರಬೇಕಾದರೆ ಸಾಕಷ್ಟು ರೋಗಿಗಳು ಬರುತ್ತಿರಬೇಕು. ಉದ್ಘಾಟನೆಯ ಕಲ್ಲು ಹೊತ್ತು ಬೀಗ ಹಾಕಿಕೊಂಡಿರುವ ಕಟ್ಟಡಗಳು ನಮ್ಮಲ್ಲಿ ಈಗಲೇ ಸಾಕಷ್ಟಿವೆ. ವೈದ್ಯಶಾಸ್ತ್ರವು ಇದಕ್ಕಿಂತ ಸುಗಮವಾದ ಮಧ್ಯಮ ಮಾರ್ಗವನ್ನು ತೋರಿಸಿಕೊಟ್ಟಿದೆ. ಎರಡು ತಾಸಿನೊಳಗೆ ಸ್ಟೆಂಟ್ ಕೂಡಿಸುವದು ಸಾಧ್ಯವಿಲ್ಲದೆಡೆ, ಇಸಿಜಿ ತೆಗೆದು ರೋಗವನ್ನು ಗೊತ್ತುಮಾಡಿ, ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸಿನಂಥ ಚುಚ್ಚುಮದ್ದನ್ನು ಅಲ್ಲಿಯೇ ಕೊಟ್ಟು, ರೋಗಿಯನ್ನು ದೊಡ್ಡ ದವಾಖಾನೆಗೆ ಸಾಗಿಸಿ, ಒಂದು ದಿವಸದೊಳಗೆ ಧಮನಿಯ ಚಿತ್ರ ತೆಗೆದು ಅವಶ್ಯವಿದ್ದರೆ ಸ್ಟೆಂಟ್ ಕೂಡಿಸುವದು. ಬೇಗ ಬಂದ ರೋಗಿಗಳಲ್ಲಿ ಈ ಕ್ರಮದ ಫಲವು ತತ್ಕ್ಷಣದ ಸ್ಟೆಂಟಿನ ಫಲಕ್ಕೆ ಸರಿಸುಮಾರಾಗಿರುವದೆಂದು ೨೦೧೩ರಲ್ಲಿ ಪ್ರಕಟವಾದ ಸ್ಟ್ರೀಮ್ ಎಂಬ ಪರೀಕ್ಷೆಯು ತೋರಿಸಿತು. ಆ ಚುಚ್ಚುಮದ್ದು ನಿರಪಾಯವಾದುದೇನೂ ಅಲ್ಲ. ಸುಮಾರು ನೂರರಲ್ಲಿ ಒಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವರಿಗೆ ಅದು ಫಲಿಸದೆ ಒಡನೆಯೇ ಸ್ಟೆಂಟಿನ ಉಪಚಾರವು ಬೇಕಾಯಿತು. ಆದುದರಿಂದಲೇ ಚುಚ್ಚುಮದ್ದಿನ ಹಿಂದೆಯೇ ಗಾಡಿಯು ಹೊರಡಬೇಕು.

ನೆರೆಯ ತಮಿಳುನಾಡಿನಲ್ಲಿ ಚಿಕ್ಕ ದವಾಖಾನೆಗಳನ್ನು ದೊಡ್ಡ ದವಾಖಾನೆಗೆ ಈ ರೀತಿ ಜೋಡಿಸಿ ನೋಡಿದಾಗ, ಒಂದು ವರ್ಷದೊಳಗಿನ ಮರಣವು ನೂರಕ್ಕೆ ೧೭.೬ರಿಂದ ೧೪.೨ಕ್ಕೆ ಇಳಿಯಿತೆಂದು ೨೦೧೭ರಲ್ಲಿ ಪ್ರಕಟವಾಯಿತು. ನಮ್ಮ ರಾಜ್ಯದಲ್ಲಿಯೂ ೨೦೨೧ರಲ್ಲಿ ಅಕಾಲಮರಣಕ್ಕೀಡಾದ ನಟ ಪುನೀತ್ ರಾಜಕುಮಾರರ ಹೆಸರಿನಲ್ಲಿ ಹೃದಯ ಜ್ಯೋತಿ ಎಂಬ ಯೋಜನೆಯು ೨೦೨೩ರಲ್ಲಿ ಆರಂಭವಾಯಿತು. ತಾಲೂಕಾ ದವಾಖಾನೆಯಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸಿ, ಬೆಲೆಯುಳ್ಳ ಆ ಚುಚ್ಚುಮದ್ದನ್ನು ಹಣವಿಲ್ಲದೆ ಕೊಡುವದು ಅದರ ಕ್ರಮ. ೨೦೨೫ರ ಜುಲೈಯಲ್ಲಿ, ಹಾಸನ ಜಿಲ್ಲೆಯ ಸಾವುಗಳಿಂದ ನಾಡೆಲ್ಲ ತಲ್ಲಣಿಸಿದಾಗ, ಅದನ್ನು ಎಲ್ಲ ತಾಲೂಕಾ ದವಾಖಾನೆಗಳಿಗೂ ವಿಸ್ತರಿಸುವದಾಗಿ ಆರೋಗ್ಯ ಮಂತ್ರಿಗಳು ಸಾರಿದರು. ಈ ಧೋರಣೆಯನ್ನು ನಾವು ಮನಃಪೂರ್ವಕವಾಗಿ ಅಭಿನಂದಿಸುತ್ತೇವೆ. ಆದರೆ ಯೋಜನೆಯ ಪರೀಕ್ಷೆಯು ಬೆಂಗಳೂರಿನ ವಿಧಾನಸೌಧದಲ್ಲಿ ಆಗುವದಿಲ್ಲ. ಆಷಾಢದ ಮಳೆಯ ರಾತ್ರಿಯಲ್ಲಿ ಖಾನಾಪುರದ ದವಾಖಾನೆಯಲ್ಲಿ ಆಗುವದು.

ಆದುದರಿಂದ ನಾವು ಸರಕಾರದ ಮುಂದೆ ಇಡುವ ಸೂಚನೆಗಳು ಕೆಲವೇ. ಖಾನಾಪುರದ ತಾಲೂಕಾ ದವಾಖಾನೆಯಲ್ಲಿ ಚುಚ್ಚುಮದ್ದೂ ಅದನ್ನು ಕೊಡಬಲ್ಲ ವೈದ್ಯನೂ ಹಗಲಿರುಳು, ರವಿವಾರವೂ ಹಬ್ಬದ ದಿನವೂ, ತಪ್ಪದೆ ಇರಬೇಕು. ಕಾಡಿನಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಸಿಜಿ ಯಂತ್ರವೂ, ಅದನ್ನು ತೆಗೆದು ಕಳಿಸಬಲ್ಲ ದಾದಿಯೂ ಇರಬೇಕು. ರೋಗಿಯು ಖಾನಾಪುರಕ್ಕೋ ಬೆಳಗಾವಿಗೋ ಎಂಬುದನ್ನು ಅಲ್ಲಿಯೇ ನಿರ್ಣಯಿಸಬೇಕು. ೨೦೦೮ರಲ್ಲಿ ಆರಂಭವಾದ ೧೦೮ರ ವಾಹನಗಳಲ್ಲಿ ಕೆಲವನ್ನಾದರೂ ಮಳೆಗಾಲದ ನಾಲ್ಕು ತಿಂಗಳು ಪಶ್ಚಿಮ ಭಾಗದಲ್ಲಿಯೇ ನಿಲ್ಲಿಸಬೇಕು. ಹಳ್ಳಗಳಿಗೆ ಕಾಲುಸೇತುವೆಗಳು ಬೇಕು. ಅಡವಿಯ ಕಾಯದೆಯನ್ನು ಮುಂದೆ ಮಾಡಿ ಅರಣ್ಯ ಇಲಾಖೆಯೂ, ಹಣವಿಲ್ಲವೆಂದು ಲೋಕೋಪಯೋಗಿ ಇಲಾಖೆಯೂ ಒಂದರ ಮೇಲೊಂದು ಹಾಕುತ್ತ ವರ್ಷಗಳನ್ನು ಕಳೆಯುವದು ಇನ್ನಾದರೂ ನಿಲ್ಲಲಿ. ವನವನ್ನು ಕಾಯುವದು ಅವಶ್ಯವೇ ಆಗಿದೆ. ಆ ಗ್ರಾಮಗಳ ಸ್ಥಳಾಂತರದ ಮಾತೂ ನಡೆದಿದೆ. ಆದರೆ ಒಪ್ಪಿದವರು ಹೊರಬರುವವರೆಗೂ, ಒಪ್ಪದವರು ಅಲ್ಲಿರುವವರೆಗೂ ಅವರು ಈ ರಾಜ್ಯದ ಪ್ರಜೆಗಳೇ. ಅವರ ಎದೆಬೇನೆಯು ಕಡತದ ಇತ್ಯರ್ಥವನ್ನು ಕಾಯಲಾರದು.

ಇನ್ನು ಶಹರದ ವಾಚಕರಿಗೆ ಒಂದು ಮಾತು. ಕಾಡಿನವನಿಗೆ ಬೇಕಾದಾಗಲೂ ಸ್ಟೆಂಟು ದೊರೆಯದಿದ್ದರೆ, ಶಹರದವನಿಗೆ ಬೇಡವಾದಾಗಲೂ ಅದು ಬೀಳುವ ಭಯವಿರುವದು. ಹೃದಯಾಘಾತದ ಗಳಿಗೆಯಲ್ಲಿ ಸ್ಟೆಂಟು ಪ್ರಾಣವನ್ನುಳಿಸುವದು ನಿಜ. ಆದರೆ ನಡೆಯುವಾಗ ಮಾತ್ರ ಎದೆನೋವು ಬಂದು ವಿಶ್ರಾಂತಿಯಿಂದ ಶಮನವಾಗುವ ಸ್ಥಿರವಾದ ರೋಗದಲ್ಲಿ ಸಂಗತಿಯು ಬೇರೆ. ೨೦೦೭ರಲ್ಲಿ ೨,೨೮೭ ರೋಗಿಗಳ ಮೇಲೆಯೂ, ೨೦೨೦ರಲ್ಲಿ ೫,೧೭೯ ರೋಗಿಗಳ ಮೇಲೆಯೂ ನಡೆದ ದೊಡ್ಡ ಪರೀಕ್ಷೆಗಳು ಪ್ರಕಟವಾದವು. ಮೊದಲನೆಯದರಲ್ಲಿ ಔಷಧಗಳ ಜೊತೆಗೆ ಸ್ಟೆಂಟನ್ನು ಕೂಡಿಸಿದ್ದರಿಂದಲೂ, ಎರಡನೆಯದರಲ್ಲಿ ಆರಂಭದಲ್ಲಿಯೇ ಸ್ಟೆಂಟು ಅಥವಾ ಶಸ್ತ್ರಕ್ರಿಯೆಯನ್ನು ಮಾಡಿದ್ದರಿಂದಲೂ ಮರಣವು ಕಡಿಮೆಯಾಗಲಿಲ್ಲ. ನೋವಿಗೆ ಮಾತ್ರ ಹೆಚ್ಚಿನ ಉಪಶಮನವಾಯಿತು. ಆದುದರಿಂದ ಮೇಜಿನ ಮೇಲೆ ಮಲಗಿದ ರೋಗಿಯ ಮಗನನ್ನು ಹೊರಗೆ ಕರೆದು, ಈಗಲೇ ಒಪ್ಪಿರಿ ಎಂದು ಅವಸರಪಡಿಸುವದು ತುರ್ತಿಲ್ಲದ ರೋಗದಲ್ಲಿ ಸಲ್ಲದು. ಸಮ್ಮತಿಪತ್ರವು ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಈ ನಾಡಿನ ದವಾಖಾನೆಯಲ್ಲಿ ಅದು ಕನ್ನಡದಲ್ಲಿರತಕ್ಕದ್ದು. ಖಾನಾಪುರದ ಕಡೆಯಿಂದ ಬಂದ ಮರಾಠಿ ಮಾತಿನವನಿಗೆ ಅವನ ಮಾತಿನಲ್ಲಿಯೇ ತಿಳಿಸಿ ಹೇಳುವದೂ ನಮ್ಮ ಧರ್ಮವೇ. ಅರಿಯದ ಇಂಗ್ಲಿಷ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವದು ಸಮ್ಮತಿಯೆನಿಸಲಾರದು.

ಸ್ಟೆಂಟು ಕೂಡಿಸಿದ ಮೇಲೂ ಕೆಲಸವು ತೀರುವದಿಲ್ಲ. ಲೋಹದ ಮೇಲೆ ರಕ್ತವು ಹೆಪ್ಪುಗಟ್ಟದಂತೆ ಎಸ್ಪಿರಿನ್, ಕ್ಲೋಪಿಡೋಗ್ರೆಲ್ ಮೊದಲಾದ ಗುಳಿಗೆಗಳನ್ನು, ಹೃದಯಾಘಾತವಾದವರು ಸಾಮಾನ್ಯವಾಗಿ ಒಂದು ವರ್ಷದವರೆಗೆ, ನಡುವೆ ಬಿಡದೆ ನುಂಗಬೇಕು. ಕೈಯಲ್ಲಿ ಹಣವಿಲ್ಲದೆಯೋ, ಗುಣವಾಯಿತೆಂಬ ಭ್ರಮೆಯಿಂದಲೋ ಇವನ್ನು ನಿಲ್ಲಿಸಿದರೆ ಜಾಲರಿಯೇ ಮುಚ್ಚಿಕೊಂಡು ಪ್ರಾಣಕ್ಕೆ ಎರವಾಗಬಹುದು. ಸಾವಿರಾರು ರೂಪಾಯಿಗಳ ಉಪಚಾರವು ಕೆಲವು ರೂಪಾಯಿಗಳ ಗುಳಿಗೆಗಾಗಿ ವ್ಯರ್ಥವಾಗುವದು ಎಂಥ ವಿಪರ್ಯಾಸ! ಬೆಳಗಾವಿಯಲ್ಲಿ ಉಪಚಾರ ಪಡೆದು ಮರಳಿದವನಿಗೆ ಅವನ ಊರ ಹತ್ತಿರದ ಆರೋಗ್ಯ ಕೇಂದ್ರದಲ್ಲಿಯೇ ಪ್ರತಿ ತಿಂಗಳೂ ಗುಳಿಗೆಗಳು ದೊರೆಯುವಂತೆಯೂ, ಬಾರದವನ ಮನೆಗೆ ಆಶಾ ಕಾರ್ಯಕರ್ತೆಯು ಹೋಗಿ ವಿಚಾರಿಸುವಂತೆಯೂ ಏರ್ಪಾಡಾಗಬೇಕು.

ಜನರ ಕರ್ತವ್ಯವೂ ಇದೆ. ಎದೆಯ ನಡುವೆ ಒತ್ತಿದಂತಾಗಿ, ನೋವು ತೋಳಿಗೋ ದವಡೆಗೋ ಏರಿ, ಮೈಬೆವರಿದರೆ ಅದನ್ನು ವಾಯುವೆಂದು ಸೋಡಾ ಕುಡಿದು ಮಲಗಬಾರದು. ಒಡನೆ ೧೦೮ಕ್ಕೆ ಕರೆಯಬೇಕು. ಶಾಲೆಗಳಲ್ಲಿ, ಸಂತೆಗಳಲ್ಲಿ, ಜಾತ್ರೆಗಳಲ್ಲಿ ಈ ಮಾತು 

ಸಾರಲ್ಪಡಬೇಕು. ಗ್ರಾಮ ಪಂಚಾಯತಿಗಳೂ ತರುಣ ಮಂಡಳಗಳೂ ಈ ಕೆಲಸವನ್ನು ಕೈಕೊಂಡರೆ ಐದು ತಾಸಿನ ತಡದಲ್ಲಿ ಒಂದೆರಡು ತಾಸು ಖರ್ಚಿಲ್ಲದೆಯೇ ಉಳಿಯುವದು.

ಎಬರ್ಸ್‌ವಾಲ್ಡೆಯ ತರುಣನು ತೋಳಿನಿಂದ ಹೃದಯಕ್ಕೆ ಹಾದಿಯನ್ನು ಕಂಡುಹಿಡಿದು ತೊಂಬತ್ತು ವರ್ಷಗಳ ಮೇಲಾದವು. ಕಣಕುಂಬಿಯಿಂದಲೂ ಭೀಮಗಡದ ಗ್ರಾಮಗಳಿಂದಲೂ ಬೆಳಗಾವಿಗೆ ವೇಳೆಗೆ ಸರಿಯಾಗಿ ಮುಟ್ಟಿಸುವ ಹಾದಿಗೆ ಅಂಥ ಧಾರ್ಷ್ಟ್ಯವಾಗಲಿ ಹೊಸ ವಿದ್ಯೆಯಾಗಲಿ ಬೇಕಿಲ್ಲ. ಒಂದು ಯಂತ್ರ, ಒಂದು ಚುಚ್ಚುಮದ್ದು, ಒಂದು ಗಾಡಿ, ಕೆಲವು ಸೇತುವೆಗಳು, ಇವನ್ನೆಲ್ಲ ಕೂಡಿಸುವ ಅಧಿಕಾರಿಯ ಮನಸ್ಸು, ಇಷ್ಟು ಸಾಕು. ಮುಂದಿನ ಮಳೆಗಾಲವು ಬರುವದರೊಳಗಾಗಿ ಜಿಲ್ಲೆಯ ಅಧಿಕಾರಿಗಳೂ ಲೋಕಪ್ರತಿನಿಧಿಗಳೂ ಈ ವಿಷಯಕ್ಕೆ ಲಕ್ಷ್ಯಗೊಟ್ಟು ಏರ್ಪಾಡನ್ನು ಪೂರ್ತಿಗೊಳಿಸುವರೆಂದು ನಾವು ನಿರೀಕ್ಷಿಸುತ್ತೇವೆ.